ಕಲ್ಲಿನ ಹಠ, ಕಂಚಿನ ಗಳಿಕೆ: ಜೇಕಬ್ ಎಪ್‌ಸ್ಟೈನ್ ಮತ್ತು ಅವರ ಸಮಕಾಲೀನರು

ಬ್ರಿಟಿಷ್ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಅವರ ಹೆಸರು ಬಂದಾಗಲೆಲ್ಲ ಮೊದಲು ಕೇಳಿಬರುವುದು ಹಗರಣಗಳ ಕಥೆ. 1908ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಕಟ್ಟಡವೊಂದರ ಮೇಲೆ ಅವರು ನಿಲ್ಲಿಸಿದ ನಗ್ನ ಪ್ರತಿಮೆಗಳ ಮೇಲೆ ಪತ್ರಿಕೆಗಳು ಮುಗಿಬಿದ್ದವು. ಅವರು ಕೆತ್ತಿದ ಗೋರಿಯೊಂದಕ್ಕೆ ಪ್ಯಾರಿಸ್ಸಿನಲ್ಲಿ ಟಾರ್ಪಾಲು ಹೊದಿಸಿ ಪೊಲೀಸರನ್ನು ಕಾವಲಿಗಿಟ್ಟರು. 1925ರಲ್ಲಿ ಹೈಡ್ ಪಾರ್ಕಿನ ಉಬ್ಬುಶಿಲ್ಪಕ್ಕೆ ಯಾರೋ ಹಸಿರು ಬಣ್ಣ ಬಳಿದರು. ಇವೆಲ್ಲ ನಡೆದದ್ದು ನಿಜವೇ. ಆದರೆ ಇವನ್ನಷ್ಟೇ ಪೋಣಿಸುತ್ತ ಹೋದರೆ ಐವತ್ತು ವರ್ಷಗಳ ಒಂದು ವೃತ್ತಿಜೀವನ ಬರೀ ಕೂಗಾಟದ ಪಟ್ಟಿಯಾಗಿಬಿಡುತ್ತದೆ. ಸಾರ್ವಜನಿಕರು ನಗ್ನತೆಯ ಬಗ್ಗೆ ಜಗಳವಾಡುತ್ತಿದ್ದಾಗ ಶಿಲ್ಪಿಗಳ ನಡುವೆ ಬೇರೆಯದೇ ಒಂದು ವಾದ ನಡೆದಿತ್ತು: ಶಿಲ್ಪವನ್ನು ಮಣ್ಣಿನಲ್ಲಿ ರೂಪಿಸಿ ಬೇರೆಯವರ ಕೈಗೆ ಒಪ್ಪಿಸಬೇಕೇ, ಅಥವಾ ಶಿಲ್ಪಿಯೇ ಉಳಿ ಹಿಡಿದು ಕಲ್ಲಿನಲ್ಲಿ ಕಡೆಯಬೇಕೇ? ಎಪ್‌ಸ್ಟೈನ್ ಮತ್ತು ಅವರ ಓರಗೆಯವರ ಬದುಕಿನ ಏರಿಳಿತಗಳು ಅರ್ಥವಾಗಬೇಕಾದರೆ ಈ ವಾದವನ್ನು ಮೊದಲು ತಿಳಿಯಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಪ್ರತಿಷ್ಠಿತ ಶಿಲ್ಪಿಯೊಬ್ಬ ಅಮೃತಶಿಲೆಯನ್ನು ಸ್ವತಃ ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ. ಆತ ಜೇಡಿಮಣ್ಣಿನಲ್ಲಿ ಮಾದರಿಯನ್ನು ಮಾಡುತ್ತಿದ್ದ. ಸಹಾಯಕರು ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆಯುತ್ತಿದ್ದರು. ಬಳಿಕ ಆ ಪ್ಲಾಸ್ಟರ್ ಮಾದರಿಯ ಮೇಲೆ ಮೂರು ಸ್ಥಿರ ಬಿಂದುಗಳನ್ನು ಗುರುತಿಸಿ, ಅವೇ ಮೂರು ಬಿಂದುಗಳನ್ನು ಕಲ್ಲಿನ ಮೇಲೂ ಗುರುತಿಸಿ, ಹಿತ್ತಾಳೆಯ ಚೌಕಟ್ಟಿಗೆ ಹಿಂದೆ ಮುಂದೆ ಸರಿಯುವ ಸೂಜಿಯೊಂದನ್ನು ಜೋಡಿಸಿದ ಅಳತೆಯ ಉಪಕರಣವನ್ನು ಎರಡರ ನಡುವೆ ಸಾಗಿಸುತ್ತಿದ್ದರು. ಮಾದರಿಯ ಮೂಗಿನ ತುದಿಯನ್ನು ಸೂಜಿ ಎಲ್ಲಿ ಮುಟ್ಟುತ್ತದೋ, ಕಲ್ಲಿನಲ್ಲೂ ಸೂಜಿ ಅಷ್ಟೇ ಆಳಕ್ಕೆ ಇಳಿಯುವವರೆಗೆ ರಂಧ್ರ ಕೊರೆಯಬೇಕು. ಹೀಗೆ ನೂರಾರು ಬಿಂದುಗಳನ್ನು ಕೊರೆದ ಮೇಲೆ ನಡುವೆ ಉಳಿದ ಕಲ್ಲನ್ನು ತೆಗೆದುಹಾಕಿದರೆ ಮಾದರಿಯ ತದ್ರೂಪ ಸಿದ್ಧವಾಗುತ್ತಿತ್ತು. ಇಡೀ ಕೆಲಸ ಅತ್ಯಂತ ನಿಖರ. ಒಂದೇ ಮಾದರಿಯಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದಿತ್ತು. ಸಾಮ್ರಾಜ್ಯಕ್ಕೆ ಬೇಕಾಗಿದ್ದದ್ದೂ ಅದೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಥಾಮಸ್ ಬ್ರಾಕ್ ಅವರದು. ಬ್ರಾಕ್ ರೂಪಿಸಿದ ವಿಕ್ಟೋರಿಯಾಗಳು ಬ್ರಿಟನ್ನಿನಲ್ಲೂ ವಸಾಹತುಗಳಲ್ಲೂ ಊರೂರಿನಲ್ಲಿ ನಿಂತಿದ್ದವು. ಅಂಥ ಬೇಡಿಕೆಯನ್ನು ಒಬ್ಬ ಮನುಷ್ಯ ತನ್ನೆರಡು ಕೈಗಳಿಂದ ಪೂರೈಸುವುದು ಸಾಧ್ಯವೇ ಇರಲಿಲ್ಲ.

ಈ ವ್ಯವಸ್ಥೆಯೊಳಗೆ ಹೊರಗಿನಿಂದ ಬಂದವರು ಎಪ್‌ಸ್ಟೈನ್. ಅವರು ಹುಟ್ಟಿದ್ದು 1880ರಲ್ಲಿ, ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ. ಕಂಚಿನ ಎರಕದ ಕಾರ್ಖಾನೆಯಲ್ಲಿ ದುಡಿಯುತ್ತ ಸಂಜೆ ಶಿಲ್ಪ ಕಲಿತ ಅವರು, ಯಹೂದಿ ಕೇರಿಯ ಬದುಕಿನ ಬಗೆಗಿನ ಪುಸ್ತಕವೊಂದಕ್ಕೆ ಚಿತ್ರ ಬರೆದು ಬಂದ ಹಣದಲ್ಲಿ 1902ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಕಲಾಶಾಲೆಯ ಶಿಕ್ಷಣದ ಜೊತೆಗೆ ಲೂವ್ರ್ ಸಂಗ್ರಹಾಲಯದ ಪ್ರಾಚೀನ ಶಿಲ್ಪಗಳ ಹುಚ್ಚು ಹಿಡಿಯಿತು. 1905ರಲ್ಲಿ ಲಂಡನ್ನಿಗೆ ಬಂದು ನೆಲೆಸಿದರು. ಎರಡೇ ವರ್ಷಗಳಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್ ಅವರಿಂದ ಹದಿನೆಂಟು ಪ್ರತಿಮೆಗಳ ಕೆಲಸ ಸಿಕ್ಕಿತು; ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಹೊಸ ಕಟ್ಟಡದ ಮುಂಭಾಗಕ್ಕೆ, ಆಳೆತ್ತರವನ್ನು ಮೀರಿದ ಹದಿನೆಂಟು ನಗ್ನ ಮನುಷ್ಯಾಕೃತಿಗಳು.

ಬಸುರಿ ಹೆಂಗಸು, ಮಗುವನ್ನು ಎತ್ತಿಕೊಂಡ ತಾಯಿ, ಮುದುಕಿ, ಯುವಕ ಹೀಗೆ ಹುಟ್ಟಿನಿಂದ ಮುಪ್ಪಿನವರೆಗಿನ ದೇಹವನ್ನು ಅವರು ತೋರಿಸಿದ್ದರು. ವೈದ್ಯರ ಸಂಘದ ಕಟ್ಟಡಕ್ಕೆ ಇದಕ್ಕಿಂತ ಹೊಂದುವ ವಸ್ತು ಬೇರೆ ಇರಲಾರದು ಎಂದು ಇಂದು ಅನ್ನಿಸುತ್ತದೆ. ಆದರೆ ಬೀದಿಯ ಆಚೆ ಬದಿಯಲ್ಲೇ ನೈತಿಕ ಕಾವಲಿನ ಸಂಘಟನೆಯೊಂದರ ಕಚೇರಿಯಿತ್ತು. ಅಲ್ಲಿಂದ ದೂರು ಹೋಯಿತು, ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಬಸ್ಸುಗಳ ಮೇಲಂತಸ್ತಿನಿಂದ ಜನ ಇಣುಕಿ ನೋಡತೊಡಗಿದರು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಷ್ಟೆಲ್ಲ ಕ್ರಾಂತಿಕಾರಿ ಎನಿಸಿದ ಈ ಪ್ರತಿಮೆಗಳನ್ನು ಮಾಡಿದ್ದು ಹಳೆಯ ಕ್ರಮದಲ್ಲೇ. ಎಪ್‌ಸ್ಟೈನ್ ಮಣ್ಣಿನಲ್ಲಿ ರೂಪಿಸಿದರು, ಪ್ಲಾಸ್ಟರಿಗೆ ಇಳಿಸಿದರು, ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಕೆತ್ತುವ ಕೆಲಸವನ್ನು ಬಹುಪಾಲು ವೃತ್ತಿಪರ ಕಲ್ಲುಕುಟಿಗರು ಮಾಡಿದರು. ವಿಷಯ ಹೊಸದಾಗಿತ್ತು, ವಿಧಾನ ಹಳೆಯದೇ ಉಳಿದಿತ್ತು.

ವಿಧಾನ ಬದಲಾಗಲು ಕಾರಣರಾದವರಲ್ಲಿ ಎರಿಕ್ ಗಿಲ್ ಮುಖ್ಯರು. 1882ರಲ್ಲಿ ಬ್ರೈಟನ್ನಿನಲ್ಲಿ ಹುಟ್ಟಿದ ಗಿಲ್ ಶಿಲ್ಪಕ್ಕೆ ಬಂದದ್ದು ಕಲಾಶಾಲೆಯ ದಾರಿಯಿಂದಲ್ಲ; ಅವರು ಸಮಾಧಿಗಲ್ಲುಗಳ ಮೇಲೆ ಅಕ್ಷರ ಕೆತ್ತುವ ಕಸುಬಿನವರು. ಅಕ್ಷರ ಕೆತ್ತುವವನಿಗೆ ಮಣ್ಣಿನ ಮಾದರಿ ಬೇಕಿಲ್ಲ, ಸಹಾಯಕರ ಸೂಜಿ ಬೇಕಿಲ್ಲ; ಕಲ್ಲಿನ ಮುಂದೆ ಕೂತು ಉಳಿ ಹೊಡೆದರಾಯಿತು. 1909ರ ಸುಮಾರಿಗೆ ಅದೇ ರೀತಿಯಲ್ಲಿ ಅವರು ಮನುಷ್ಯಾಕೃತಿಗಳನ್ನು ಕೆತ್ತಲು ಆರಂಭಿಸಿದರು. 1911ರ ಆರಂಭದಲ್ಲಿ ಲಂಡನ್ನಿನ ಚೆನಿಲ್ ಗ್ಯಾಲರಿಯಲ್ಲಿ ಅವುಗಳ ಪ್ರದರ್ಶನವಾಯಿತು. ನೇರ ಕೆತ್ತನೆ ಎಂದು ಕಲಾ ಇತಿಹಾಸಕಾರರು ಕರೆಯುವ ಈ ಕ್ರಮದ ಹಿಂದಿನ ನಂಬಿಕೆ ಸರಳ: ಕಲ್ಲಿಗೆ ತನ್ನದೇ ಸ್ವಭಾವವಿದೆ, ಶಿಲ್ಪದ ರೂಪ ಕೆತ್ತನೆಯ ಹಾದಿಯಲ್ಲೇ ಹುಟ್ಟಬೇಕು, ಮಣ್ಣಿನಲ್ಲಿ ಮೆತ್ತಿ ಬೆಳೆಸಿದ ರೂಪವನ್ನು ಕಲ್ಲಿಗೆ ಹೇರುವುದು ಸುಳ್ಳು. ನಮ್ಮ ಸ್ಥಪತಿಗಳಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಲಂಡನ್ನಿನ ಕಲಾವಲಯಕ್ಕೆ ಮಾತ್ರ ಅದೊಂದು ಘೋಷಣೆಯಾಗಿ ಕೇಳಿಸಿತು.

ಭಾರತದ ಶಿಲ್ಪ ಈ ಕಥೆಯೊಳಗೆ ಬರುವುದು ಇಲ್ಲಿಯೇ. 1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಭಾರತೀಯ ಕಲೆಯ ಸಮರ್ಥಕ ಇ. ಬಿ. ಹ್ಯಾವೆಲ್ ಅವರ ಉಪನ್ಯಾಸವೊಂದರ ಅಧ್ಯಕ್ಷತೆ ವಹಿಸಿದ್ದ ಜಾರ್ಜ್ ಬರ್ಡ್‌ವುಡ್, ಭಾರತದಲ್ಲಿ ಲಲಿತಕಲೆಯೇ ಇಲ್ಲವೆಂದು ವಾದಿಸುತ್ತ, ಜಾವಾದ ಧ್ಯಾನಸ್ಥ ಬುದ್ಧನ ವಿಗ್ರಹವನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿದರು. ಚಿತ್ರಕಾರ ವಿಲಿಯಂ ರೋಥೆನ್‌ಸ್ಟೈನ್ ಮತ್ತು ಇತರರು ಪತ್ರಿಕೆಗೆ ಬರೆದು ಇದನ್ನು ಬಹಿರಂಗವಾಗಿ ಖಂಡಿಸಿದರು. ಭಾರತೀಯ ಕಲೆಯ ಪ್ರಚಾರಕ್ಕಾಗಿ ಇಂಡಿಯಾ ಸೊಸೈಟಿ ಸ್ಥಾಪನೆಯಾದದ್ದು ಅದೇ ಹುರುಪಿನಲ್ಲಿ. ರೋಥೆನ್‌ಸ್ಟೈನ್ ಮತ್ತು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಇಬ್ಬರೂ ಗಿಲ್ ಅವರ ಸ್ನೇಹಿತರು. ಕುಮಾರಸ್ವಾಮಿಯವರು ಸಂಪಾದಿಸಿದ ಭಾರತೀಯ ಶಿಲ್ಪ ಮತ್ತು ವಾಸ್ತುವಿನ ಚಿತ್ರಸಂಪುಟಕ್ಕೆ 1914ರಲ್ಲಿ ಮುನ್ನುಡಿ ಬರೆದವರು ಗಿಲ್. ಎಪ್‌ಸ್ಟೈನ್ 1910ರಲ್ಲಿ ಆರಂಭಿಸಿ ಅಪೂರ್ಣವಾಗಿಯೇ ಬಿಟ್ಟ, ಈಗ ಲೀಡ್ಸ್‌ನಲ್ಲಿರುವ ತಾಯ್ತನದ ಶಿಲ್ಪದ ತುಂಬಿದ ಮೈಕಟ್ಟಿನಲ್ಲಿ ಭಾರತದ ದೇಗುಲಶಿಲ್ಪದ ನೆನಪು ಢಾಳಾಗಿಯೇ ಇದೆ. ಆ ದಿನಗಳಲ್ಲಿ ಎಪ್‌ಸ್ಟೈನ್ ಮತ್ತು ಗಿಲ್ ಸೇರಿ ಸಸೆಕ್ಸ್‌ನ ಬಯಲಿನಲ್ಲಿ ಸ್ಟೋನ್‌ಹೆಂಜ್‌ನಂಥ ಬೃಹತ್ ಶಿಲಾಕ್ಷೇತ್ರವೊಂದನ್ನು ಕಟ್ಟುವ ಯೋಜನೆ ಹಾಕಿದ್ದರು. ಹಣವೂ ಇರಲಿಲ್ಲ, ಜಾಗವೂ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಸ್ನೇಹವೂ ಹಳಸಿತು.

ಎಪ್‌ಸ್ಟೈನ್ ಅವರ ಮೊದಲ ದೊಡ್ಡ ನೇರ ಕೆತ್ತನೆ ಆಸ್ಕರ್ ವೈಲ್ಡ್ ಅವರ ಗೋರಿ. ಡರ್ಬಿಶೈರಿನ ಹಾಪ್ಟನ್‌ವುಡ್ ಗಣಿಯಿಂದ ತಂದ ಸುಮಾರು ಇಪ್ಪತ್ತು ಟನ್ ತೂಕದ ಸುಣ್ಣಗಲ್ಲಿನ ಬಂಡೆಯಲ್ಲಿ, ಮುಂದಕ್ಕೆ ತೇಲುತ್ತಿರುವ ರೆಕ್ಕೆಯ ಆಕೃತಿಯೊಂದನ್ನು ಅವರು ಕೆತ್ತಿದರು. ಬ್ರಿಟಿಷ್ ಮ್ಯೂಸಿಯಂನ ಅಸ್ಸೀರಿಯಾದ ರೆಕ್ಕೆಯ ಹೋರಿಗಳನ್ನು ನೋಡಿದವರಿಗೆ ಆ ರೆಕ್ಕೆಗಳ ಸಾಲುಸಾಲು ಗೆರೆಗಳ ಮೂಲ ತಕ್ಷಣ ಹೊಳೆಯುತ್ತದೆ. 1912ರಲ್ಲಿ ಅದು ಪ್ಯಾರಿಸ್ಸಿನ ಪೆರ್ ಲಾಶೇಸ್ ಸ್ಮಶಾನಕ್ಕೆ ಹೋಯಿತು. ಅಲ್ಲಿನ ಅಧಿಕಾರಿಗಳಿಗೆ ಕಂಡದ್ದು ರೆಕ್ಕೆಯಲ್ಲ, ಜನನಾಂಗ. ಮುಚ್ಚಿದ ಟಾರ್ಪಾಲು ಸರಿಯುವ ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು. ಆದರೆ ಈ ವ್ಯವಹಾರಕ್ಕಾಗಿ ಪ್ಯಾರಿಸ್ಸಿನಲ್ಲಿ ಕಳೆದ ತಿಂಗಳುಗಳು ವ್ಯರ್ಥವಾಗಲಿಲ್ಲ: ಶಿಲ್ಪಿ ಬ್ರಾಂಕುಸಿ ಮತ್ತು ಕಲಾವಿದ ಮೊದಿಲ್ಯಾನಿ ಅವರ ಪರಿಚಯವಾಯಿತು, ಆಫ್ರಿಕಾದ ಮರದ ಶಿಲ್ಪಗಳನ್ನು ಕೊಳ್ಳುವ ಚಟ ಹತ್ತಿತು. ಆ ಚಟ ಸಾಯುವವರೆಗೂ ಬಿಡದೆ, ಸಾವಿರಕ್ಕೂ ಮಿಕ್ಕ ಕೃತಿಗಳ ಸಂಗ್ರಹವಾಗಿ ಬೆಳೆಯಿತು.

ಈ ಹೊತ್ತಿಗೆ ನೇರ ಕೆತ್ತನೆ ಒಂದು ಶೀಲದ ಪರೀಕ್ಷೆಯಂತೆ ಆಗಿಬಿಟ್ಟಿತ್ತು. ಫ್ರಾನ್ಸಿನ ಓರ್ಲೆಯಾನ್ ಬಳಿ 1891ರಲ್ಲಿ ಹುಟ್ಟಿ 1911ರಲ್ಲಿ ಲಂಡನ್ನಿಗೆ ಬಂದ ಆನ್ರಿ ಗೋದಿಯೆ-ಬ್ರಜೆಸ್ಕಾ, ಎಪ್‌ಸ್ಟೈನ್ ಅವರನ್ನು ಮೊದಲ ಸಲ ಕಂಡಾಗ, ಕಲ್ಲಿನಲ್ಲಿ ನೇರವಾಗಿ ಕೆತ್ತುತ್ತೀಯಾ ಎಂದು ಹಿರಿಯ ಶಿಲ್ಪಿ ಕೇಳಿದರಂತೆ. ಅದುವರೆಗೆ ಕೆತ್ತಿಯೇ ಇರದ ಹುಡುಗ ಹೌದೆಂದುಬಿಟ್ಟ. ಅಲ್ಲಿಂದ ಹೊರಟವನೇ ಮಾತು ಉಳಿಸಿಕೊಳ್ಳಲು ಕೆತ್ತಲು ಕೂತ ಎಂದು ಅವನ ಗೆಳೆಯರು ಹೇಳುತ್ತಿದ್ದರು. ಹಾಗೆ ಆರಂಭವಾದ ಕೆಲಸ ಕೇವಲ ಎರಡು ಮೂರು ವರ್ಷಗಳದ್ದು. ಅಷ್ಟರಲ್ಲೇ ಕೆಂಪು ಕಲ್ಲಿನ ನರ್ತಕಿ, ಕವಿ ಎಜ್ರಾ ಪೌಂಡ್ ತಾವೇ ಕೊಂಡುಕೊಟ್ಟ ಅಮೃತಶಿಲೆಯಲ್ಲಿ ಕೆತ್ತಿದ ಅವರದೇ ಬೃಹತ್ ತಲೆ, ಹಕ್ಕಿ ಮೀನುಗಳ ಚಿಕ್ಕ ಶಿಲ್ಪಗಳು ಹೊರಬಂದವು. ಯುದ್ಧ ಶುರುವಾದಾಗ ಗೋದಿಯೆ ಫ್ರೆಂಚ್ ಸೈನ್ಯ ಸೇರಿದ. ಶತ್ರುವಿನಿಂದ ಕಸಿದುಕೊಂಡ ಮೌಸರ್ ಬಂದೂಕಿನ ಹಿಡಿಯನ್ನು ಮುರಿದು, ಅದು ಸೂಸುತ್ತಿದ್ದ ಕ್ರೌರ್ಯ ಸಹಿಸದೆ, ಚಾಕುವಿನಿಂದ ಅದರ ಮೇಲೆ ಸೌಮ್ಯವಾದ ಬೇರೊಂದು ರೂಪವನ್ನು ಕೆತ್ತಿದೆನೆಂದು ಕಂದಕದಿಂದ ಬರೆದ. 1915ರ ಜೂನ್ 5ರಂದು ನ್ಯೂವಿಲ್-ಸೇಂಟ್-ವಾಸ್ಟ್‌ನಲ್ಲಿ ಗುಂಡಿಗೆ ಬಲಿಯಾದಾಗ ಅವನಿಗೆ ಇಪ್ಪತ್ತಮೂರು ವರ್ಷ.

ಅದೇ ವರ್ಷದ ಮಾರ್ಚಿನಲ್ಲಿ ಎಪ್‌ಸ್ಟೈನ್ ಪ್ರದರ್ಶಿಸಿದ ಬಂಡೆ ಕೊರೆಯುವ ಯಂತ್ರದ ಶಿಲ್ಪ ಅವರ ಇಡೀ ಕೆಲಸದಲ್ಲಿ ಅತ್ಯಂತ ವಿಚಿತ್ರವಾದದ್ದು. ಎರಡನೆಯ ಕೈಯಲ್ಲಿ ಕೊಂಡ ನಿಜವಾದ ಡ್ರಿಲ್ ಯಂತ್ರ, ಅದರ ಮುಕ್ಕಾಲಿಯ ಮೇಲೆ ಕಾಲಗಲಿಸಿ ಕುಳಿತ ಬಿಳಿಯ ಪ್ಲಾಸ್ಟರಿನ ಮನುಷ್ಯ, ಅವನ ಮುಖಕ್ಕೆ ಕೊಕ್ಕಿನಂಥ ಮುಖವಾಡ, ಎದೆಗೂಡಿನ ಪೊಳ್ಳಿನಲ್ಲಿ ಮುದುಡಿದ ಭ್ರೂಣ. ಕಾರ್ಖಾನೆಯಲ್ಲಿ ತಯಾರಾದ ವಸ್ತುವನ್ನು ಹಾಗೆಯೇ ಶಿಲ್ಪದ ಭಾಗವಾಗಿಸಿದ್ದು ಆ ಕಾಲಕ್ಕೆ ಊಹಿಸಲಾಗದ ಹೆಜ್ಜೆ. ಆದರೆ ಎಪ್‌ಸ್ಟೈನ್ ಅದನ್ನು ಉಳಿಸಿಕೊಳ್ಳಲಿಲ್ಲ. ಯಂತ್ರವನ್ನು ತೆಗೆದರು, ಕಾಲುಗಳನ್ನು ತೆಗೆದರು, ತೋಳುಗಳನ್ನು ಮೊಟಕುಗೊಳಿಸಿದರು. ಉಳಿದ ದೇಹದ ಮೇಲ್ಭಾಗವನ್ನು ಲೋಹದಲ್ಲಿ ಎರಕ ಹೊಯ್ಯಿಸಿ 1916ರಲ್ಲಿ ಮತ್ತೆ ತೋರಿಸಿದರು. ಮೊದಲ ರೂಪದಲ್ಲಿ ಯಂತ್ರವನ್ನು ಆಳುವಂತೆ ಕಂಡಿದ್ದವನು ಎರಡನೆಯದರಲ್ಲಿ ಯುದ್ಧದ ಗಾಯಾಳುವಾಗಿ ಕಾಣುತ್ತಾನೆ. ಇಂದು ಬ್ರಿಟನ್ನಿನ ಟೇಟ್ ಕಲಾಸಂಗ್ರಹದಲ್ಲಿರುವುದು ಈ ಎರಡನೆಯ ರೂಪ. ನನ್ನ ಮಟ್ಟಿಗೆ ಎಪ್‌ಸ್ಟೈನ್ ಅವರ ಅತ್ಯುತ್ತಮ ಕೃತಿ ಇದೇ, ಅದರಲ್ಲಿ ಕೆತ್ತನೆಯ ಪಾಲು ಏನೂ ಇಲ್ಲದಿದ್ದರೂ.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಶಿಲ್ಪಿಗಳಿಗೆ ಹಿಂದೆಂದೂ ಇರದಷ್ಟು ಕೆಲಸ ಬಂತು. ಊರೂರಿಗೆ ಸ್ಮಾರಕ ಬೇಕಿತ್ತು. ಈ ಕೆಲಸದ ಸಿಂಹಪಾಲು ಹೋದದ್ದು ನೇರ ಕೆತ್ತನೆಯ ಗುಂಪಿಗಲ್ಲ, ಹಳೆಯ ಶಿಕ್ಷಣ ಪಡೆದವರಿಗೆ. ಅವರಲ್ಲಿ ಎಲ್ಲರನ್ನೂ ಮೀರಿಸಿದವರು ಚಾರ್ಲ್ಸ್ ಸಾರ್ಜೆಂಟ್ ಜ್ಯಾಗರ್. 1885ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿ, ಹದಿನಾಲ್ಕರ ವಯಸ್ಸಿಗೇ ಲೋಹದ ಮೇಲೆ ಚಿತ್ತಾರ ಕೊರೆಯುವ ಕೆಲಸ ಕಲಿಯಲು ಸೇರಿದ ಜ್ಯಾಗರ್, 1914ರಲ್ಲಿ ರೋಮಿನಲ್ಲಿ ಓದುವ ಪ್ರತಿಷ್ಠಿತ ವೇತನ ಗೆದ್ದೂ ಅದನ್ನು ಬಿಟ್ಟು ಸೈನ್ಯ ಸೇರಿದರು. ಗಲಿಪೊಲಿಯಲ್ಲೂ ಪಶ್ಚಿಮ ರಣಾಂಗಣದಲ್ಲೂ ಗಾಯಗೊಂಡರು, ಮಿಲಿಟರಿ ಕ್ರಾಸ್ ಪಡೆದರು. ಪ್ಯಾಡಿಂಗ್ಟನ್ ರೈಲು ನಿಲ್ದಾಣದ ಒಂದನೆಯ ಪ್ಲಾಟ್‌ಫಾರಂನಲ್ಲಿ ಮಫ್ಲರ್ ಸುತ್ತಿಕೊಂಡು ಮನೆಯಿಂದ ಬಂದ ಪತ್ರ ಓದುತ್ತ ನಿಂತಿರುವ ಅವರ ಸೈನಿಕನನ್ನು ಇಂದಿಗೂ ಕಾಣಬಹುದು. ಆದರೆ ಅವರ ಮಹತ್ಕೃತಿ ಹೈಡ್ ಪಾರ್ಕ್ ಕಾರ್ನರಿನ ಫಿರಂಗಿದಳದ ಸ್ಮಾರಕ. ಮೇಲೆ ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಕೆತ್ತಿದ ಒಂದು ಹೊವಿಟ್ಜರ್ ತೋಪು. ಸುತ್ತ ಕಂಚಿನ ನಾಲ್ವರು. ಮೂವರು ನಿಂತಿದ್ದಾರೆ. ನಾಲ್ಕನೆಯವನು ಸತ್ತು ಮಲಗಿದ್ದಾನೆ. ಅವನ ದೊಡ್ಡ ಕೋಟನ್ನೇ ಮುಖದ ಮೇಲೆ ಎಳೆದು, ಹೆಲ್ಮೆಟ್ಟನ್ನು ಮೇಲಿಟ್ಟಿದ್ದಾರೆ, ಕೋಟಿನಡಿಯಿಂದ ಬೂಟುಗಳು ಹೊರಚಾಚಿವೆ. ದಳದ 49,076 ಮಂದಿ ಸತ್ತರೆಂದು ಸ್ಮಾರಕ ದಾಖಲಿಸುತ್ತದೆ; ಹಾಗಿದ್ದೂ ಹೆಣವನ್ನು ತೋರಿಸುವುದು ಬೇಡವೆಂಬ ಆಕ್ಷೇಪ ಬಂತು. ಜ್ಯಾಗರ್ ಜಗ್ಗಲಿಲ್ಲ, ಬೇಕಾದರೆ ಅದರ ಖರ್ಚನ್ನು ತಾನೇ ಭರಿಸುವುದಾಗಿ ಹೇಳಿ ಆ ಪ್ರತಿಮೆಯನ್ನು ಉಳಿಸಿಕೊಂಡರು.

ಈ ಸ್ಮಾರಕ ಅನಾವರಣಗೊಂಡದ್ದು 1925ರ ಅಕ್ಟೋಬರಿನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ, ಅಲ್ಲಿಗೆ ಅನತಿದೂರದಲ್ಲಿ, ಪಾರ್ಕಿನ ಒಳಗೆ, ನಿಸರ್ಗ ಲೇಖಕ ಡಬ್ಲ್ಯು. ಎಚ್. ಹಡ್ಸನ್ ಅವರ ನೆನಪಿಗೆ ಎಪ್‌ಸ್ಟೈನ್ ಕೆತ್ತಿದ ಉಬ್ಬುಶಿಲ್ಪವನ್ನು ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ ಅನಾವರಣ ಮಾಡಿದ್ದರು. ಎರಡೂ ಸ್ಮಾರಕಗಳ ವಾಸ್ತುಶಿಲ್ಪಿ ಲಯೊನೆಲ್ ಪಿಯರ್ಸನ್ ಒಬ್ಬರೇ. ಹಿಂದಿನ ಚಳಿಗಾಲವಿಡೀ ಎಪ್ಪಿಂಗ್ ಕಾಡಿನ ಶೆಡ್ಡೊಂದರಲ್ಲಿ ಒಬ್ಬರೇ ಕೂತು ಕೆತ್ತಿದ, ಹಕ್ಕಿಗಳ ನಡುವೆ ಕೈಚಾಚಿದ ಕಾಡಿನ ಹೆಣ್ಣಿನ ಆ ಶಿಲ್ಪವನ್ನು ತೆಗೆದುಹಾಕಬೇಕೆಂದು ಗಣ್ಯರು ಅರ್ಜಿ ಬರೆದರು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಒಂದೇ ವರ್ಷ, ಒಂದೇ ತಾಣ: ಮಣ್ಣಿನಲ್ಲಿ ರೂಪಿಸಿದ ಜ್ಯಾಗರ್ ಸಾವಿನ ಬಗ್ಗೆ ಕಟುಸತ್ಯ ಹೇಳಿದರು, ಕಲ್ಲನ್ನೇ ಕಡೆದ ಎಪ್‌ಸ್ಟೈನ್ ಹಕ್ಕಿಗಳ ನಡುವಿನ ಹೆಣ್ಣನ್ನು ತೋರಿಸಿದರು, ದೊಡ್ಡ ಗಲಾಟೆ ಎದ್ದದ್ದು ಎರಡನೆಯದಕ್ಕೆ. ವಿಧಾನ ಆಧುನಿಕವಾದರೆ ಕೃತಿ ದಿಟ್ಟವಾಗುತ್ತದೆ, ಹಳೆಯದಾದರೆ ಅಳ್ಳಕವಾಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ಸಂಪೂರ್ಣ ತಪ್ಪುತ್ತದೆ. ಜ್ಯಾಗರ್ ಅವರನ್ನು ಹಳಬರೆಂದು ಬದಿಗಿಟ್ಟ ಕಲಾ ಇತಿಹಾಸ ಅವರಿಗೆ ಅನ್ಯಾಯ ಮಾಡಿದೆ.

ಜ್ಯಾಗರ್ ಅವರಿಗೂ ಭಾರತಕ್ಕೂ ನಂಟಿದೆ. ನವದೆಹಲಿಗಾಗಿ ಅವರು ಕಲ್ಲಿನ ಆನೆಗಳನ್ನೂ ವೈಸ್‌ರಾಯ್‌ಗಳ ಪ್ರತಿಮೆಗಳನ್ನೂ ರೂಪಿಸಿದರು. ಐದನೆಯ ಜಾರ್ಜ್ ದೊರೆಯ ಅಮೃತಶಿಲೆಯ ಪ್ರತಿಮೆಯ ಕೆಲಸ ನಡೆದಿದ್ದಾಗಲೇ 1934ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು, ಉಳಿದದ್ದನ್ನು ಸಹಾಯಕರು ಮುಗಿಸಿದರು. ಇಂಡಿಯಾ ಗೇಟಿನ ಹಿಂದೆ ವಾಸ್ತುಶಿಲ್ಪಿ ಲ್ಯುಟೆನ್ಸ್ ಕಟ್ಟಿದ ಮಂಟಪದಲ್ಲಿ ನಿಂತಿದ್ದ ಆ ಪ್ರತಿಮೆಯನ್ನು 1968ರಲ್ಲಿ ಕಾರೊನೇಷನ್ ಪಾರ್ಕಿಗೆ ಸಾಗಿಸಲಾಯಿತು. ದಶಕಗಳ ಕಾಲ ಬರಿದಾಗಿದ್ದ ಮಂಟಪದಲ್ಲಿ 2022ರಲ್ಲಿ ನಿಂತದ್ದು ಕಪ್ಪು ಗ್ರಾನೈಟಿನ ನೇತಾಜಿ. ಕೆತ್ತನೆಯ ನೇತೃತ್ವ ವಹಿಸಿದವರು ಮೈಸೂರಿನ ಅರುಣ್ ಯೋಗಿರಾಜ್.

ಎಪ್‌ಸ್ಟೈನ್ ಅವರಿಗೆ ಅನ್ನ ಹಾಕಿದ್ದು ಮಾತ್ರ ಕಲ್ಲಲ್ಲ, ಕಂಚು. ಕೆತ್ತಿದ ದೊಡ್ಡ ಶಿಲ್ಪಗಳು ಮಾರಾಟವಾಗದೆ ಮನೆಯಲ್ಲೇ ಉಳಿಯುತ್ತಿದ್ದಾಗ, ಗಣ್ಯರ ತಲೆ ಮತ್ತು ಎದೆಮಟ್ಟದ ಪ್ರತಿಮೆಗಳಿಗೆ ಬೇಡಿಕೆ ಎಂದೂ ಬತ್ತಲಿಲ್ಲ. 1924ರಲ್ಲಿ ಜೋಸೆಫ್ ಕಾನ್ರಾಡ್, 1926ರಲ್ಲಿ ರವೀಂದ್ರನಾಥ ಠಾಕೂರ್, 1933ರಲ್ಲಿ ಐನ್‌ಸ್ಟೈನ್, ಎರಡನೆಯ ಮಹಾಯುದ್ಧದ ಬಳಿಕ ಚರ್ಚಿಲ್ ಮತ್ತು ನೆಹರೂ. ಇಲ್ಲಿ ಅವರು ಅಪ್ಪಟ ಮಣ್ಣಿನ ಶಿಲ್ಪಿ: ಮಣ್ಣಿನ ಸಣ್ಣ ಉಂಡೆಗಳನ್ನು ಒಂದರ ಮೇಲೊಂದು ಒತ್ತುತ್ತ, ಹೆಬ್ಬೆರಳಿನ ಗುರುತನ್ನೂ ಸವರದೆ ಬಿಡುತ್ತಿದ್ದರು, ಕಂಚಿಗೆ ಇಳಿದ ಮೇಲೂ ಆ ಒರಟು ಮೈಮೇಲೆ ಬೆಳಕು ಅಲುಗುತ್ತಿತ್ತು. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ನಾರ್ಫಕ್ಕಿನ ರಫ್ಟನ್ ಹೀತ್ ಬಯಲಿನ ಗುಡಿಸಿಲಿನಲ್ಲಿ ಕಾವಲಿನ ನಡುವೆ ತಂಗಿದ್ದ ಐನ್‌ಸ್ಟೈನ್ ಅವರ ತಲೆಯನ್ನು ಕೆಲವೇ ದಿನಗಳಲ್ಲಿ ಮಾಡಬೇಕಾಯಿತು. ಒಳಗೆ ಪಿಯಾನೊ ತುಂಬಿಕೊಂಡು ಕತ್ತಲೆ. ಬೆಳಕಿಗಾಗಿ ಬಾಗಿಲೊಂದನ್ನು ತೆಗೆಸಿದಾಗ, ಮುಂದೆ ಮಾಡನ್ನೂ ಕಿತ್ತುಕೊಡಬೇಕೇ ಎಂದು ಅಲ್ಲಿದ್ದವರು ತಮಾಷೆ ಮಾಡಿದರೆಂದು ಎಪ್‌ಸ್ಟೈನ್ ನೆನೆಯುತ್ತಾರೆ. ಆ ತಲೆಯ ಕೆದರಿದ ಕೂದಲಿನಲ್ಲೂ ಸುಕ್ಕುಗಟ್ಟಿದ ಕಣ್ಣಂಚಿನಲ್ಲೂ ಇರುವ ಜೀವಂತಿಕೆ ಅವರ ಎಷ್ಟೋ ಕಲ್ಲಿನ ಶಿಲ್ಪಗಳಲ್ಲಿ ಇಲ್ಲ.

ನೇರ ಕೆತ್ತನೆಯ ಗುಂಪು ಸಾರ್ವಜನಿಕವಾಗಿ ಒಟ್ಟಿಗೆ ಕಾಣಿಸಿಕೊಂಡದ್ದು 1928-29ರಲ್ಲಿ, ಲಂಡನ್ ಭೂಗತ ರೈಲಿನ ಮುಖ್ಯ ಕಚೇರಿಗಾಗಿ ಹೋಲ್ಡನ್ ಕಟ್ಟಿದ 55 ಬ್ರಾಡ್‌ವೇ ಕಟ್ಟಡದ ಮೇಲೆ. ಎತ್ತರದಲ್ಲಿ ದಿಕ್ಕುಗಳ ಗಾಳಿಯನ್ನು ಸೂಚಿಸುವ ಎಂಟು ಉಬ್ಬುಶಿಲ್ಪಗಳನ್ನು ಗಿಲ್ ಮತ್ತು ಇತರರು ಕೆತ್ತಿದರು. ಅವರಲ್ಲಿ ಒಬ್ಬರು ಅದುವರೆಗೆ ಯಾವ ಸಾರ್ವಜನಿಕ ಕೆಲಸವನ್ನೂ ಮಾಡಿರದ ಹೆನ್ರಿ ಮೂರ್. ಬಾಗಿಲುಗಳ ಮೇಲೆ ಹಗಲು ಮತ್ತು ರಾತ್ರಿಯನ್ನು ಎಪ್‌ಸ್ಟೈನ್ ಚಳಿಯಲ್ಲಿ ಸ್ಥಳದಲ್ಲೇ ಕೆತ್ತಿದರು. ಹಗಲಿನ ಶಿಲ್ಪದಲ್ಲಿದ್ದ ನಗ್ನ ಬಾಲಕನ ಬಗ್ಗೆ ಎಷ್ಟು ಗದ್ದಲವಾಯಿತೆಂದರೆ ಭೂಗತ ರೈಲಿನ ಮುಖ್ಯಸ್ಥ ಫ್ರಾಂಕ್ ಪಿಕ್ ರಾಜೀನಾಮೆಗೆ ಮುಂದಾದರು. ಕೊನೆಗೆ ಎಪ್‌ಸ್ಟೈನ್ ಬಾಲಕನ ಶಿಶ್ನವನ್ನು ಒಂದೂವರೆ ಇಂಚು ಮೊಟಕುಗೊಳಿಸಿ ವಿವಾದಕ್ಕೆ ತೆರೆ ಎಳೆದರು. ಆ ಬಳಿಕ ಇಪ್ಪತ್ತು ವರ್ಷಗಳ ಕಾಲ ಲಂಡನ್ನಿನ ಕಟ್ಟಡಗಳ ಕೆಲಸ ಅವರತ್ತ ಸುಳಿಯಲಿಲ್ಲ.

ಗಿಲ್ ಅವರ ದಾರಿ ಸುಗಮವಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್ಲಿನ ಯೇಸು ಶಿಲುಬೆ ಹೊತ್ತು ನಡೆದ ಹಾದಿಯನ್ನು ತೋರಿಸುವ ಹದಿನಾಲ್ಕು ಫಲಕಗಳು, ಬಿಬಿಸಿ ಕಚೇರಿಯ ಬಾಗಿಲಿನ ಶಿಲ್ಪ, ಇಂದಿಗೂ ಬಳಕೆಯಲ್ಲಿರುವ ಗಿಲ್ ಸ್ಯಾನ್ಸ್ ಅಕ್ಷರವಿನ್ಯಾಸ ಎಲ್ಲವೂ ಅವರಿಗೆ ಭಕ್ತ ಕುಶಲಕರ್ಮಿಯೆಂಬ ಗೌರವ ತಂದವು. ಅವರು ತಮ್ಮ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂಬುದು 1989ರ ಜೀವನಚರಿತ್ರೆಯಲ್ಲಿ ಅವರದೇ ದಿನಚರಿಗಳ ಆಧಾರದಿಂದ ಬಯಲಾಯಿತು; 2022ರಲ್ಲಿ ಒಬ್ಬಾತ ಬಿಬಿಸಿಯ ಬಾಗಿಲಿನ ಶಿಲ್ಪವನ್ನು ಸುತ್ತಿಗೆಯಿಂದ ಹೊಡೆದ. ಜೀವಮಾನವಿಡೀ ಅಶ್ಲೀಲತೆಯ ಆರೋಪ ಹೊತ್ತವರು ಎಪ್‌ಸ್ಟೈನ್ ಎಂಬುದನ್ನು ನೆನೆದರೆ ಆ ಕಾಲದ ನೈತಿಕ ಕಾವಲಿನ ದೃಷ್ಟಿ ಎಷ್ಟು ಮಂಕಾಗಿತ್ತೆಂದು ತಿಳಿಯುತ್ತದೆ.

ಮೂವತ್ತರ ದಶಕ ಎಪ್‌ಸ್ಟೈನ್ ಪಾಲಿಗೆ ಕಠಿಣವಾಗಿತ್ತು. ಸ್ಟ್ರ್ಯಾಂಡಿನ ಕಟ್ಟಡವನ್ನು ಕೊಂಡ ದಕ್ಷಿಣ ರೊಡೇಷಿಯಾ (ಇಂದಿನ ಜಿಂಬಾಬ್ವೆ) ಸರ್ಕಾರ ಪ್ರತಿಮೆಗಳನ್ನು ತೆಗೆಯಹೊರಟಾಗ, ಅವುಗಳ ರಕ್ಷಣೆಯ ಮನವಿಗೆ ಸಹಿ ಹಾಕಲು ರಾಯಲ್ ಅಕಾಡೆಮಿಯ ಅಧ್ಯಕ್ಷರು ನಿರಾಕರಿಸಿದರು. ಅದನ್ನು ಪ್ರತಿಭಟಿಸಿ ಚಿತ್ರಕಾರ ವಾಲ್ಟರ್ ಸಿಕರ್ಟ್ ಅಕಾಡೆಮಿಗೆ ರಾಜೀನಾಮೆ ಕೊಟ್ಟರು. 1937ರಲ್ಲಿ, ಮಳೆಗಾಳಿಗೆ ಸವೆದ ಕಲ್ಲಿನ ಚೂರೊಂದು ಕೆಳಗೆ ಬಿದ್ದ ನೆಪದಲ್ಲಿ, ಮುಂಚಾಚಿದ ಮುಖ, ಕೈ, ಪಾದಗಳನ್ನು ಕಡಿದುಹಾಕಲಾಯಿತು. ಈಗ ಜಿಂಬಾಬ್ವೆ ರಾಯಭಾರ ಕಚೇರಿಯಾಗಿರುವ ಆ ಕಟ್ಟಡದ ಮೇಲೆ ಮುಂಡಗಳು ಹಾಗೆಯೇ ಉಳಿದಿವೆ. ಅವರು ಅಲಬಾಸ್ಟರ್ ಕಲ್ಲಿನಲ್ಲಿ ಕೆತ್ತಿದ ಭಾರೀ ಆದಮನನ್ನು 1939ರಲ್ಲಿ ಪ್ರದರ್ಶನಕಾರನೊಬ್ಬ ಬ್ಲ್ಯಾಕ್‌ಪೂಲಿನ ಕಡಲತೀರದಲ್ಲಿ ಟಿಕೆಟ್ಟಿಟ್ಟು ತೋರಿಸಿದ. ಬೈಬಲ್ಲಿನ ಯಾಕೋಬ ದೇವದೂತನೊಡನೆ ಸೆಣಸುವ ಶಿಲ್ಪಕ್ಕೂ ಅದೇ ಗತಿ ಬಂತು. ಮೇಣದ ಬೊಂಬೆಗಳ ಜೊತೆಗೆ, ಜಾತ್ರೆಯ ಕೌತುಕದಂತೆ. ಯಾಕೋಬನ ಆ ಶಿಲ್ಪವೀಗ ಟೇಟ್ ಸಂಗ್ರಹದ ಹೆಮ್ಮೆ.

ಮನ್ನಣೆ ಬಂದದ್ದು ಎಪ್ಪತ್ತು ದಾಟಿದ ಮೇಲೆ, ಅದೂ ಕಲ್ಲಿನಿಂದಲ್ಲ. 1954ರಲ್ಲಿ ಸರ್ ಪದವಿ ಸಿಕ್ಕಿತು. ಕ್ಯಾವೆಂಡಿಷ್ ಚೌಕದ ತಾಯಿಮಗುವೂ ಕೊವೆಂಟ್ರಿಯ ಹೊಸ ಕ್ಯಾಥೆಡ್ರಲ್ಲಿನ ಗೋಡೆಯ ಮೇಲೆ ಸೈತಾನನನ್ನು ಮೆಟ್ಟಿದ ಸಂತ ಮೈಕೇಲನೂ ಲೋಹದ ಎರಕಗಳೇ. ಎರಡನೆಯದನ್ನು ಗೋಡೆಗೇರಿಸುವ ಹೊತ್ತಿಗೆ ಎಪ್‌ಸ್ಟೈನ್ ಬದುಕಿರಲಿಲ್ಲ, 1959ರ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಹೊಸ ಶಿಲ್ಪದ ಮೇಲೆ ಬಿದ್ದ ಮೊದಲ ಕಲ್ಲೇಟುಗಳನ್ನು ತಮ್ಮ ಪೀಳಿಗೆಯ ಪರವಾಗಿ ತಿಂದವರು ಅವರೆಂದು ಹೆನ್ರಿ ಮೂರ್ ಆಗ ಬರೆದರು. ಮೂರ್ ಅವರ 1931ರ ಪ್ರದರ್ಶನಕ್ಕೆ ಮುನ್ನುಡಿ ಬರೆದು ಬೆನ್ನು ತಟ್ಟಿದವರೂ ಎಪ್‌ಸ್ಟೈನ್. ನೇರ ಕೆತ್ತನೆಯ ವ್ರತವನ್ನು ಅವರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿ ಹೆಸರಾದ ಮೂರ್, ಆ ಹೊತ್ತಿಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಾದರಿಗಳನ್ನು ತಾವು ಮಾಡಿ, ಸಹಾಯಕರಿಂದ ದೊಡ್ಡದಾಗಿಸಿ, ಕಂಚಿನಲ್ಲಿ ಹಲವು ಪ್ರತಿಗಳನ್ನು ಎರಕ ಹೊಯ್ಯಿಸಿ ಪ್ರಪಂಚದ ನಗರಗಳಿಗೆ ಕಳಿಸತೊಡಗಿದ್ದರು. 1957-58ರಲ್ಲಿ ಪ್ಯಾರಿಸ್ಸಿನ ಯುನೆಸ್ಕೊ ಕಚೇರಿಗೆ ಅವರು ಕೊಟ್ಟ ಟ್ರಾವರ್ಟೈನ್ ಕಲ್ಲಿನ ಬೃಹತ್ ಶಿಲ್ಪವನ್ನು ಇಟಲಿಯಲ್ಲೇ, ಅಲ್ಲಿನ ಕಲ್ಲುಕುಟಿಗರ ನೆರವಿನಿಂದ, ಮಾದರಿಯನ್ನು ಎದುರಿಗಿಟ್ಟುಕೊಂಡು ಕೆತ್ತಲಾಯಿತು.